ಎಂಫಿಸೀಮಾಕ್ಕೆ ಶ್ವಾಸನಾಳದ ಕವಾಟ: ಯಾರಿಗೆ ಒಪ್ಪುತ್ತದೆ, ಯಾರಿಗೆ ಒಪ್ಪುವುದಿಲ್ಲ?

ಹಿರಿಮಗಳು

ನನ್ನ ತಂದೆಯವರಿಗೆ 67 ವರ್ಷ. ಒಂಬತ್ತು ವರ್ಷಗಳ ಹಿಂದೆ ಸಿಒಪಿಡಿ, ಅಂದರೆ ಉಸಿರಿನ ಹರಿವಿಗೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇದೆಯೆಂದು ತಿಳಿಯಿತು. ಅದರೊಳಗೂ ಅವರದು ಗಾಳಿಗೂಡುಗಳ ಗೋಡೆಗಳೇ ನಶಿಸಿ ಹೋಗುವ ಎಂಫಿಸೀಮಾ ಎಂಬುದು ಸಿ.ಟಿ. ಸ್ಕ್ಯಾನ್ ಆದ ಮೇಲೆ ಗೊತ್ತಾಯಿತು. ಸಿಗರೇಟು ಬಿಟ್ಟು ಎರಡು ವರ್ಷವಾಗಿದೆ, ಇನ್ಹೇಲರನ್ನು ಒಂದು ಹೊತ್ತೂ ತಪ್ಪಿಸುವುದಿಲ್ಲ, ಆದರೂ ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಉಸಿರು ಸಾಲದೆ ಮಂಚದ ಅಂಚಿನಲ್ಲಿ ಕುಳಿತುಬಿಡುತ್ತಾರೆ. ಕಳೆದ ಸಲದ ಸ್ಪೈರೋಮೆಟ್ರಿಯಲ್ಲಿ ಎಫ್‌ಇವಿ1, ಅಂದರೆ ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ, ಅವರ ವಯಸ್ಸಿಗೂ ಎತ್ತರಕ್ಕೂ ಇರಬೇಕಾದುದರ ಶೇ. 29ರಷ್ಟು ಮಾತ್ರ ಇತ್ತು.

ಈ ಬಾರಿ ವೈದ್ಯರು, ಶ್ವಾಸನಾಳದೊಳಗೆ ಕವಾಟಗಳನ್ನು ಇಡುವ ಚಿಕಿತ್ಸೆಯೊಂದಿದೆ, ಅದು ಒಪ್ಪುತ್ತದೆಯೇ ಎಂದು ಪರೀಕ್ಷೆ ಮಾಡಿ ನೋಡಬಹುದು ಎಂದರು. ಕವಾಟ ಎಂಬ ಮಾತು ಕಿವಿಗೆ ಬಿದ್ದೊಡನೆ ಅಪ್ಪ ಹೃದಯದ ಆಪರೇಷನ್ ಎಂದೇ ತಿಳಿದು, ತಮಗೆ ಏನೂ ಬೇಡವೆಂದು ಮಾತು ಮುಗಿಸಿದರು. ಮನೆಗೆ ಬಂದ ಮೇಲೆ ಅವರಿಗೆ ವಿವರಿಸಿ ಹೇಳಲು ನನಗೇ ವಿಷಯ ಸರಿಯಾಗಿ ತಿಳಿದಿರಲಿಲ್ಲ. ಉಸಿರಾಡಲು ಕಷ್ಟಪಡುವ ಮನುಷ್ಯನ ಶ್ವಾಸನಾಳವನ್ನು ಮುಚ್ಚಿದರೆ ಉಸಿರು ಸಲೀಸಾಗುವುದು ಹೇಗೆ ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ಇದನ್ನು ಮಾಡಿಸಿಕೊಂಡವರು, ಮಾಡಿಸಿಕೊಳ್ಳಲಾಗದೆ ಹೋದವರು, ಮಾಡುವವರು, ಯಾರಿದ್ದರೂ ದಯವಿಟ್ಟು ಬರೆಯಿರಿ. ಒಳ್ಳೆಯದನ್ನು ಮಾತ್ರ ಹೇಳಬೇಕೆಂದಿಲ್ಲ. ಅಪಾಯಗಳನ್ನೂ ತಿಳಿದುಕೊಂಡೇ ಅಪ್ಪನ ಮುಂದೆ ಕುಳಿತು ಮಾತನಾಡಬೇಕೆಂದಿದ್ದೇನೆ.

ಎದೆರೋಗ ವೈದ್ಯ

ನಿಮ್ಮ ತಂದೆಯವರಿಗಾದ ಗೊಂದಲ ಬಹಳ ಮಂದಿಗೆ ಆಗುತ್ತದೆ. ಹಾಗಾಗಿ ನಾನು ಈಗೀಗ ಕವಾಟ ಎನ್ನುವ ಬದಲು, ಗಾಳಿಯನ್ನು ಹೊರಕ್ಕೆ ಮಾತ್ರ ಬಿಡುವ ಪುಟ್ಟ ಬಾಗಿಲು ಎಂದೇ ಹೇಳುತ್ತೇನೆ. ಇದಕ್ಕೂ ಹೃದಯಕ್ಕೂ ಸಂಬಂಧವಿಲ್ಲ. ಎದೆಯನ್ನು ಕೊಯ್ಯುವುದೂ ಇಲ್ಲ, ಹೊಲಿಗೆಯೂ ಇಲ್ಲ. ಬ್ರಾಂಕೋಸ್ಕೋಪನ್ನು, ಅಂದರೆ ಶ್ವಾಸನಾಳದ ಒಳಗನ್ನು ನೋಡುವ ಕ್ಯಾಮೆರಾ ಇರುವ ತೆಳುವಾದ ಕೊಳವೆಯನ್ನು, ಗಂಟಲಿನ ಮೂಲಕ ಇಳಿಸಿ, ಅದರ ಒಳಗಿನಿಂದಲೇ ಕವಾಟವನ್ನು ಶ್ವಾಸನಾಳದ ಕವಲಿನಲ್ಲಿ ಕೂರಿಸುತ್ತಾರೆ.

ಮುಚ್ಚಿದರೆ ಉಸಿರು ಸಲೀಸಾಗುವುದು ಹೇಗೆ ಎಂದು ಕೇಳಿದ್ದೀರಿ. ಎಂಫಿಸೀಮಾ ಇರುವವರಿಗೆ ಗಾಳಿ ಒಳಗೆ ಹೋಗುತ್ತಿಲ್ಲ ಎಂದು ಅನಿಸುತ್ತದೆಯಾದರೂ, ನಿಜವಾದ ತೊಡಕು ಇರುವುದು ಗಾಳಿ ಹೊರಗೆ ಬರುವುದರಲ್ಲಿ. ಆರೋಗ್ಯವಂತ ಶ್ವಾಸಕೋಶಕ್ಕೆ ರಬ್ಬರಿನಂತೆ ಹಿಂದಕ್ಕೆ ಕುಗ್ಗುವ ಗುಣವಿದೆ. ಗಾಳಿಗೂಡುಗಳ ನಡುವಿನ ಗೋಡೆಗಳು ನಶಿಸಿದಾಗ ಆ ಗುಣ ಹೊರಟುಹೋಗುತ್ತದೆ, ಸಣ್ಣ ನಾಳಗಳನ್ನು ಸುತ್ತಲಿನಿಂದ ಎಳೆದು ತೆರೆದಿಡುವ ಆಧಾರವೂ ತಪ್ಪುತ್ತದೆ, ಉಸಿರು ಬಿಡುವಾಗ ಅವು ಮಡಚಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಹೀಗೆ ಉಳಿದುಕೊಂಡ ಗಾಳಿಯಿಂದ ಶ್ವಾಸಕೋಶ ಉಬ್ಬಿ, ಗುಮ್ಮಟದಂತೆ ಮೇಲಕ್ಕೆ ಬಾಗಿರಬೇಕಾದ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಕೆಳಕ್ಕೆ ಒತ್ತಿ ಚಪ್ಪಟೆಯಾಗಿಸುತ್ತದೆ. ಚಪ್ಪಟೆಯಾದ ವಪೆ ಎಷ್ಟು ದುಡಿದರೂ ಹೊಸ ಗಾಳಿಯನ್ನು ಹೆಚ್ಚು ಎಳೆದುಕೊಳ್ಳಲಾರದು. ನಿಮ್ಮ ತಂದೆಯವರು ಮೈ ಒರೆಸಿಕೊಳ್ಳುವಾಗ ಸೋಲುವುದು ಇದರಿಂದಲೇ, ಏಕೆಂದರೆ ಕೈ ಎತ್ತಿ ಮಾಡುವ ಕೆಲಸದಲ್ಲಿ ಉಸಿರಾಟಕ್ಕೆ ನೆರವಾಗುತ್ತಿದ್ದ ಹೆಗಲು ಮತ್ತು ಕತ್ತಿನ ಸ್ನಾಯುಗಳು ಬೇರೆ ಕೆಲಸಕ್ಕೆ ಹೋಗಿಬಿಡುತ್ತವೆ, ಉಸಿರಿನ ವೇಗವೂ ಹೆಚ್ಚಿ ಒಳಗೆ ಸಿಕ್ಕಿಬೀಳುವ ಗಾಳಿಯೂ ಹೆಚ್ಚುತ್ತದೆ.

ಶ್ವಾಸಕೋಶಕ್ಕೆ ಐದು ಹಾಲೆಗಳು, ಅಂದರೆ ದೊಡ್ಡ ಭಾಗಗಳು, ಇವೆ: ಬಲಕ್ಕೆ ಮೂರು, ಎಡಕ್ಕೆ ಎರಡು. ರೋಗ ಎಲ್ಲ ಹಾಲೆಗಳಲ್ಲೂ ಸಮನಾಗಿ ಇರುವುದು ಕಡಿಮೆ. ಹೆಚ್ಚು ಹಾಳಾದ ಒಂದು ಹಾಲೆಯನ್ನು ಆರಿಸಿ, ಅದಕ್ಕೆ ಹೋಗುವ ಎಲ್ಲ ಕವಲುಗಳಲ್ಲೂ ಒಂದೊಂದು ಕವಾಟವನ್ನು ಇಟ್ಟರೆ, ಒಳಗಿನ ಗಾಳಿಯೂ ಕಫವೂ ಹೊರಗೆ ಬರುತ್ತವೆ, ಹೊಸ ಗಾಳಿ ಒಳಗೆ ಹೋಗದು. ಸಾಮಾನ್ಯವಾಗಿ ಮೂರರಿಂದ ಐದು ಕವಾಟಗಳು ಬೇಕಾಗುತ್ತವೆ. ಹಾಲೆ ಕುಗ್ಗಿ ಮುದುಡುತ್ತದೆ, ಅದು ಆಕ್ರಮಿಸಿಕೊಂಡಿದ್ದ ಜಾಗ ಉಳಿದ ಹಾಲೆಗಳಿಗೂ ವಪೆಗೂ ಸಿಗುತ್ತದೆ. ರೋಗವೇನೂ ವಾಸಿಯಾಗುವುದಿಲ್ಲ, ಕೆಲಸಕ್ಕೆ ಬಾರದ ಭಾಗವನ್ನು ಮಡಿಸಿಟ್ಟು ಕೆಲಸ ಮಾಡುವ ಭಾಗಕ್ಕೆ ಜಾಗ ಮಾಡಿಕೊಡುವುದಷ್ಟೇ ಇದರ ಉದ್ದೇಶ.

ಎರಡು ಬಗೆಯ ಕವಾಟಗಳು ಬಳಕೆಯಲ್ಲಿವೆ. ಜೆಫಿರ್ ಎಂಬುದು ನಿಟಿನಾಲ್ ತಂತಿಯ ಪುಟ್ಟ ಪಂಜರದೊಳಗೆ ಬಾತುಕೋಳಿಯ ಕೊಕ್ಕಿನಂತಹ ಸಿಲಿಕೋನ್ ತುಟಿಗಳಿರುವುದು. ಸ್ಪಿರೇಶನ್ ಎಂಬುದು ಕೊಡೆಯ ಆಕಾರದ್ದು. ಅಮೆರಿಕದ ಎಫ್‌ಡಿಎ ಮೊದಲನೆಯದಕ್ಕೆ 2018ರ ಜೂನ್‌ನಲ್ಲಿ, ಎರಡನೆಯದಕ್ಕೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಎಂಫಿಸೀಮಾಕ್ಕಾಗಿ ಒಪ್ಪಿಗೆ ಕೊಟ್ಟಿತು. ನಿಟಿನಾಲ್‌ನಲ್ಲಿ ನಿಕಲ್ ಇರುವುದರಿಂದ, ನಿಕಲ್ ಒಡವೆ ತಾಗಿದರೆ ತುರಿಕೆಯೋ ಗಂಧೆಯೋ ಏಳುವವರು ಅದನ್ನು ಮೊದಲೇ ಹೇಳಬೇಕು.

ಸಂಜೆ ನಡಿಗೆ

ನಾನು ಇದನ್ನು ಮಾಡಿಸಿಕೊಂಡು ಮೂರು ವರ್ಷವಾಯಿತು. ನನ್ನ ಎಡ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ ನಾಲ್ಕು ಕವಾಟಗಳಿವೆ.

ಆ ದಿನದ ಬಗ್ಗೆ ಹೇಳುವುದು ಹೆಚ್ಚೇನೂ ಇಲ್ಲ, ಮಂಪರಿನಲ್ಲಿದ್ದೆ, ಎದ್ದಾಗ ಗಂಟಲು ಕೆರೆಯುತ್ತಿತ್ತು ಮತ್ತು ಕೆಮ್ಮಿದಾಗ ಸ್ವಲ್ಪ ರಕ್ತದ ಎಳೆ ಕಂಡಿತು. ಆದರೆ ಮರುದಿನ ಬೆಳಗಿನ ಅನುಭವವನ್ನು ನಾನು ಮರೆಯಲಾರೆ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಿ ಹಿಂದಿರುಗಿದ ಮೇಲೆ, ಎಂದಿನಂತೆ ಕಿಟಕಿಯ ಕಂಬಿ ಹಿಡಿದು ನಿಂತುಕೊಂಡೆ, ಉಸಿರು ಹಿಡಿತಕ್ಕೆ ಬರಲಿ ಎಂದು ಕಾಯಲು. ಕಾಯುವಂಥದ್ದು ಏನೂ ಇರಲಿಲ್ಲ. ಎಷ್ಟೋ ವರ್ಷಗಳಿಂದ ಎದೆಯ ಕೆಳಗೆ ಬಿಗಿದು ಕಟ್ಟಿದ್ದ ಪಟ್ಟಿಯನ್ನು ಯಾರೋ ಎರಡು ತೂತು ಸಡಿಲಿಸಿದಂತೆ ಇತ್ತು.

ಎಲ್ಲರಿಗೂ ಮರುದಿನವೇ ಹೀಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಜೊತೆಗೆ ಅದೇ ವಾರ ಕವಾಟ ಹಾಕಿಸಿಕೊಂಡ ಒಬ್ಬರಿಗೆ ಹಾಲೆ ನಿಧಾನವಾಗಿ, ಕೆಲವು ವಾರಗಳಲ್ಲಿ ಕುಗ್ಗಿತು. ನನಗೂ ಎಲ್ಲವೂ ಸುಸೂತ್ರವಾಗಿಯೇ ಸಾಗಲಿಲ್ಲ. ಏಳನೆಯ ತಿಂಗಳಲ್ಲಿ ಹಳೆಯ ಏದುಸಿರು ಮೆಲ್ಲನೆ ಮರಳಿತು. ಸ್ಕ್ಯಾನ್‌ನಲ್ಲಿ ಮುದುಡಿದ್ದ ಹಾಲೆ ಮತ್ತೆ ಅರ್ಧ ತುಂಬಿಕೊಂಡಿರುವುದು ಕಂಡಿತು. ಒಂದು ಕವಾಟದ ಸುತ್ತ ಮಾಂಸದ ಚಿಗುರು ಬೆಳೆದು, ಅದು ಓರೆಯಾಗಿ, ಬದಿಯಿಂದ ಗಾಳಿ ನುಸುಳುತ್ತಿತ್ತಂತೆ. ಅದನ್ನು ತೆಗೆದು, ಕೆಲವು ವಾರ ಬಿಟ್ಟು ಬೇರೆ ಅಳತೆಯದನ್ನು ಕೂರಿಸಿದರು. ಹೊರತೆಗೆಯಬಹುದು, ಬದಲಿಸಬಹುದು ಎಂಬುದು ಈ ಚಿಕಿತ್ಸೆಯ ದೊಡ್ಡ ಅನುಕೂಲ. ಆದರೆ ಹಾಗೆ ಮತ್ತೆ ಒಂದೆರಡು ಸಲ ಬ್ರಾಂಕೋಸ್ಕೋಪಿ ಬೇಕಾಗಬಹುದು ಎಂಬುದಕ್ಕೆ ಮನೆಯವರು ಮೊದಲೇ ಸಿದ್ಧರಾಗಿರಬೇಕು.

ಈಗ ನಾನು ಸಮತಟ್ಟಾದ ದಾರಿಯಲ್ಲಿ ನಿಲ್ಲದೆ ಇಪ್ಪತ್ತು ನಿಮಿಷ ನಡೆಯುತ್ತೇನೆ. ಏರು ಬಂದರೆ ಇವತ್ತಿಗೂ ನಿಲ್ಲಲೇಬೇಕು. ಇನ್ಹೇಲರ್ ಹಾಗೆಯೇ ಮುಂದುವರಿದಿದೆ. ನಿಮ್ಮ ತಂದೆಯವರಿಗೆ ನನ್ನ ಕಡೆಯಿಂದ ಒಂದು ಮಾತು ತಿಳಿಸಿ: ಎದೆಯೊಳಗೆ ಏನೋ ಇದೆ ಎಂಬ ಭಾವನೆ ನನಗೆ ಒಂದು ದಿನವೂ ಬಂದಿಲ್ಲ.

ಲೆಕ್ಕಪತ್ರ

ನಾನು ವೈದ್ಯನಲ್ಲ, ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು, ನನ್ನ ಪತ್ನಿಗೂ ಇದೇ ಕಾಯಿಲೆ ಇದೆ. ಅವಳಿಗಾಗಿ ಈ ವಿಷಯದ ಅಧ್ಯಯನಗಳನ್ನು ಓದಿಕೊಂಡಿದ್ದೇನೆ. ಮೇಲಿನ ಅನುಭವವನ್ನು ಓದಿ ನನಗೂ ಸಂತೋಷವಾಯಿತು, ಆದರೆ ಒಬ್ಬರ ಅನುಭವವನ್ನು ಹಿಡಿದು ತೀರ್ಮಾನಕ್ಕೆ ಬರಬಾರದೆಂಬ ಕಳಕಳಿಯಿಂದ ಕೆಲವು ಅಂಕಿಗಳನ್ನು ಮುಂದಿಡುತ್ತೇನೆ.

ಮೊದಲ ದೊಡ್ಡ ಅಧ್ಯಯನವಾದ ವೆಂಟ್ 2010ರಲ್ಲಿ ಪ್ರಕಟವಾಯಿತು. 321 ರೋಗಿಗಳಿದ್ದರು. ಆರು ತಿಂಗಳ ಹೊತ್ತಿಗೆ ಕವಾಟ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಎಫ್‌ಇವಿ1ನಲ್ಲಿ ಇದ್ದ ವ್ಯತ್ಯಾಸ ಶೇ. 6.8 ಮಾತ್ರ. ಲೆಕ್ಕದ ದೃಷ್ಟಿಯಿಂದ ಅದು ಗಣನೀಯವಾದರೂ ರೋಗಿಯ ದಿನಚರಿಯಲ್ಲಿ ಎದ್ದು ಕಾಣುವಂಥದ್ದಲ್ಲ. ನಂತರ 2018ರಲ್ಲಿ ಬಂದ ಲಿಬರೇಟ್ ಅಧ್ಯಯನದಲ್ಲಿ 190 ಮಂದಿ ಇದ್ದರು, 128 ಮಂದಿಗೆ ಕವಾಟ, 62 ಮಂದಿಗೆ ಮಾಮೂಲಿ ಚಿಕಿತ್ಸೆ. ಒಂದು ವರ್ಷದ ಮೇಲೆ ಎಫ್‌ಇವಿ1 ಶೇ. 15 ಅಥವಾ ಅದಕ್ಕಿಂತ ಹೆಚ್ಚು ಸುಧಾರಿಸಿದವರು ಕವಾಟದ ಗುಂಪಿನಲ್ಲಿ ಶೇ. 47.7, ಇನ್ನೊಂದರಲ್ಲಿ ಶೇ. 16.8. ಅಂದರೆ ಅಷ್ಟು ಜಾಗರೂಕತೆಯಿಂದ ಆರಿಸಿದ ಮೇಲೂ ಅರ್ಧಕ್ಕಿಂತ ಹೆಚ್ಚು ಜನ ಆ ಗೆರೆಯನ್ನು ಮುಟ್ಟಲಿಲ್ಲ. ಅದೇ ಅಧ್ಯಯನದಲ್ಲಿ ಮೊದಲ 45 ದಿನಗಳೊಳಗೆ ಕವಾಟ ಹಾಕಿಸಿಕೊಂಡವರಲ್ಲಿ ಶೇ. 26.6 ಮಂದಿಗೆ ನ್ಯೂಮೋಥೊರಾಕ್ಸ್, ಅಂದರೆ ಶ್ವಾಸಕೋಶದಿಂದ ಎದೆಗೂಡಿನೊಳಕ್ಕೆ ಗಾಳಿ ಸೋರುವುದು, ಆಯಿತು, ಕವಾಟದ ಗುಂಪಿನ ನಾಲ್ವರು ಆ ಅವಧಿಯಲ್ಲೇ ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ ಯಾರೂ ಇಲ್ಲ.

ಇನ್ನೊಂದು ವಿಷಯವೂ ಇದೆ. ಈ ಅಧ್ಯಯನಗಳಲ್ಲಿ ಹೆಚ್ಚಿನವುಗಳಲ್ಲಿ ತಮಗೆ ಕವಾಟ ಹಾಕಿದ್ದಾರೆಯೇ ಇಲ್ಲವೇ ಎಂಬುದು ರೋಗಿಗೆ ತಿಳಿದೇ ಇರುತ್ತದೆ. ಚಿಕಿತ್ಸೆ ಸಿಕ್ಕಿದೆ ಎಂಬ ಹುರುಪಿನಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಮನುಷ್ಯ ಇನ್ನಷ್ಟು ದೂರ ನಡೆದಾನು. ಹಾಗಾಗಿ ವೈದ್ಯರು ಇದಕ್ಕೆ ಏನು ಹೇಳುತ್ತಾರೆ ಎಂದು ಕೇಳಲು ಬಯಸುತ್ತೇನೆ.

ಎದೆರೋಗ ವೈದ್ಯ

ಲೆಕ್ಕಪತ್ರ ಅವರೇ, ನೀವು ಕೊಟ್ಟ ಅಂಕಿಗಳೆಲ್ಲ ಸರಿಯಾಗಿವೆ. ಅವುಗಳನ್ನು ಮರೆಮಾಡಿ ಯಾರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬಾರದು. ಆದರೆ ವೆಂಟ್‌ನ ಫಲಿತಾಂಶ ಏಕೆ ಅಷ್ಟು ಸಪ್ಪೆಯಾಗಿತ್ತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರದಲ್ಲೇ ಈ ಚಿಕಿತ್ಸೆಯ ಕೀಲಿ ಇದೆ. ಹಿರಿಮಗಳು ಅವರು ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹಾಲೆ ಎಂದರೆ ಒಂದು ಕೋಣೆ ಎಂದುಕೊಳ್ಳಿ. ಬಾಗಿಲಿಗೆ ಹೊರಕ್ಕೆ ಮಾತ್ರ ತೆರೆಯುವ ಕದ ಹಾಕಿದೆವು. ಆದರೆ ಪಕ್ಕದ ಕೋಣೆಗೂ ಇದಕ್ಕೂ ನಡುವಿನ ಗೋಡೆ ಅರ್ಧಕ್ಕೇ ನಿಂತಿದ್ದರೆ, ಆ ಕಡೆಯಿಂದ ಗಾಳಿ ತುಂಬಿಕೊಳ್ಳುತ್ತಲೇ ಇರುತ್ತದೆ, ಕೋಣೆ ಎಂದಿಗೂ ಬರಿದಾಗುವುದಿಲ್ಲ. ಹಾಲೆಗಳ ನಡುವಿನ ಈ ಗಡಿಗೆ ನಾವು ಫಿಶರ್ ಎನ್ನುತ್ತೇವೆ. ಹುಟ್ಟಿನಿಂದಲೇ ಫಿಶರ್ ಅಪೂರ್ಣವಾಗಿರುವುದು ಮನುಷ್ಯರಲ್ಲಿ ತೀರಾ ಸಾಮಾನ್ಯ. ಆರೋಗ್ಯವಂತನಿಗೆ ಅದರಿಂದ ಏನೂ ಕೇಡಿಲ್ಲ. ವೆಂಟ್‌ನಲ್ಲಿ ರೋಗಿಗಳನ್ನು ಆರಿಸುವಾಗ ಇದನ್ನು ನೋಡಿರಲಿಲ್ಲ. ಆಮೇಲೆ ಸ್ಕ್ಯಾನ್‌ಗಳನ್ನು ಮತ್ತೆ ಬಿಡಿಸಿ ನೋಡಿದಾಗ, ಫಿಶರ್ ಪೂರ್ಣವಾಗಿದ್ದವರಿಗೆ ಒಳ್ಳೆಯ ಫಲ ಸಿಕ್ಕಿದ್ದೂ ಅಪೂರ್ಣವಾಗಿದ್ದವರಿಗೆ ಹೆಚ್ಚೇನೂ ಸಿಗದಿದ್ದುದೂ ಕಂಡುಬಂತು. ಇಬ್ಬರನ್ನೂ ಕೂಡಿಸಿ ಸರಾಸರಿ ತೆಗೆದದ್ದರಿಂದ ಅಂಕಿ ಕುಸಿದಿತ್ತು.

ಅಂದಿನಿಂದ ಕವಾಟ ಹಾಕುವ ಮೊದಲು ಎರಡು ರೀತಿಯಲ್ಲಿ ಪರೀಕ್ಷಿಸುತ್ತೇವೆ. ತೆಳುವಾದ ಪದರಗಳ ಸಿ.ಟಿ. ತೆಗೆದು, ಗಣಕದ ಸಹಾಯದಿಂದ ಫಿಶರ್ ಶೇಕಡಾ ಎಷ್ಟು ಪೂರ್ಣವಾಗಿದೆ ಎಂದು ಅಳೆಯುವುದು ಒಂದು. ಸಾಮಾನ್ಯವಾಗಿ ಶೇ. 95ಕ್ಕಿಂತ ಹೆಚ್ಚಿದ್ದರೆ ನೆಮ್ಮದಿ, 80ಕ್ಕಿಂತ ಕಡಿಮೆಯಿದ್ದರೆ ಆ ಹಾಲೆಗೆ ಕವಾಟ ಬೇಡ. ನಡುವಿನವರಿಗೆ ಚಾರ್ಟಿಸ್ ಎಂಬ ಎರಡನೆಯ ಪರೀಕ್ಷೆ ಮುಖ್ಯವಾಗುತ್ತದೆ. ತುದಿಯಲ್ಲಿ ಬಲೂನಿರುವ ಸಣ್ಣ ನಳಿಕೆಯನ್ನು ಬ್ರಾಂಕೋಸ್ಕೋಪಿನ ಮೂಲಕ ಹಾಲೆಯ ಬಾಯಿಗೆ ಒಯ್ದು, ಬಲೂನನ್ನು ಉಬ್ಬಿಸಿ ಬಾಯಿ ಮುಚ್ಚುತ್ತೇವೆ. ನಳಿಕೆಯ ಮೂಲಕ ಹೊರಬರುವ ಗಾಳಿ ಕೆಲವು ನಿಮಿಷಗಳಲ್ಲಿ ಕ್ಷೀಣಿಸಿ ನಿಂತುಹೋದರೆ ಆ ಕೋಣೆಗೆ ಬೇರೆ ದಾರಿ ಇಲ್ಲ ಎಂದರ್ಥ. ನಿಲ್ಲದೆ ಬರುತ್ತಲೇ ಇದ್ದರೆ ಪಕ್ಕದ ಹಾಲೆಯಿಂದ ಗಾಳಿ ಬರುತ್ತಿದೆ ಎಂದರ್ಥ. 2015ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಿಂದ ಬಂದ ಸ್ಟೆಲ್ವಿಯೊ ಅಧ್ಯಯನದಲ್ಲಿ ಹೀಗೆ ಸೋಸಿ ಆರಿಸಿದ 68 ಮಂದಿಯಲ್ಲಿ, ಆರು ನಿಮಿಷದ ನಡಿಗೆಯಲ್ಲಿ ಎರಡು ಗುಂಪುಗಳ ನಡುವಿನ ಅಂತರ 74 ಮೀಟರ್ ಇತ್ತು. ಕವಾಟ ಅದೇ, ಆರಿಸುವ ಕ್ರಮ ಮಾತ್ರ ಬದಲಾಗಿತ್ತು.

ಹುರುಪಿನ ಪ್ರಶ್ನೆ ನ್ಯಾಯವಾದದ್ದು. ಲಂಡನ್ನಿನಲ್ಲಿ 50 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧ ಜನರಿಗೆ ಕವಾಟವಿಲ್ಲದ ಬರಿಯ ಬ್ರಾಂಕೋಸ್ಕೋಪಿ ಮಾಡಿ, ಯಾರಿಗೆ ಏನಾಗಿದೆ ಎಂಬುದನ್ನು ರೋಗಿಗಳಿಂದ ಮರೆಯಾಗಿಟ್ಟಿದ್ದರು. ಅಲ್ಲಿಯೂ ಕವಾಟದ ಗುಂಪಿಗೆ ಎಫ್‌ಇವಿ1ನಲ್ಲಿ ಹೆಚ್ಚಿನ ಸುಧಾರಣೆ ಕಂಡಿತು. ಅದೇ ಗುಂಪಿನಲ್ಲಿ ಇಬ್ಬರು ತೀರಿಕೊಂಡರು ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ಎಫ್‌ಇವಿ1 ಒಂದರಿಂದಲೇ ಈ ಚಿಕಿತ್ಸೆಯನ್ನು ಅಳೆಯುವುದು ಸಾಲದು ಎಂಬುದು ನನ್ನ ಅಭಿಪ್ರಾಯ. ಪೂರ್ತಿ ಉಸಿರು ಬಿಟ್ಟ ಮೇಲೂ ಒಳಗೆ ಉಳಿಯುವ ಗಾಳಿಯ ಪ್ರಮಾಣ ಲಿಬರೇಟ್‌ನಲ್ಲಿ ಸರಾಸರಿ ಅರ್ಧ ಲೀಟರಿನಷ್ಟು ಇಳಿಯಿತು, ನಡಿಗೆಯ ಅಂತರ 39 ಮೀಟರ್ ಇತ್ತು. ಈ ಕಾಯಿಲೆಯವರ ನಡಿಗೆಯಲ್ಲಿ ಸುಮಾರು 26 ಮೀಟರ್ ಹೆಚ್ಚಳವನ್ನು ರೋಗಿಗೇ ಅನುಭವಕ್ಕೆ ಬರುವ ಬದಲಾವಣೆ ಎಂದು ಪರಿಗಣಿಸುತ್ತಾರೆ. ಅರ್ಧ ಲೀಟರ್ ಗಾಳಿ ವಪೆಯ ಮೇಲಿನಿಂದ ಇಳಿದರೆ ಏನಾಗುತ್ತದೆ ಎಂಬುದನ್ನು ಸಂಜೆ ನಡಿಗೆ ಅವರು ನನಗಿಂತ ಚೆನ್ನಾಗಿ ಹೇಳಿದ್ದಾರೆ.

ಅಕ್ಕನ ತಮ್ಮ

ನ್ಯೂಮೋಥೊರಾಕ್ಸ್ ಎಂಬ ಪದವನ್ನು ಅಂಕಿಯಾಗಿ ಓದುವುದು ಬೇರೆ, ಕಣ್ಣೆದುರು ನೋಡುವುದು ಬೇರೆ, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಅಕ್ಕನಿಗೆ ಕವಾಟ ಹಾಕಿದ ಮರುದಿನ ಮಧ್ಯಾಹ್ನವೇ ಮನೆಗೆ ಹೋಗಬಹುದೆಂದರು. ಆಸ್ಪತ್ರೆಯ ಹೆಸರು ಬೇಡ. ಹೊರಡುವ ಮುನ್ನ ನಾನು ಕೇಳಿದ್ದೆ, ಇಷ್ಟು ಬೇಗ ಕಳುಹಿಸುವುದು ಸರಿಯೇ ಎಂದು. ಆರಾಮವಾಗಿದ್ದಾರಲ್ಲ ಎಂಬ ಉತ್ತರ ಬಂತು. ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಅಕ್ಕ ಬಲಗಡೆ ಎದೆಯನ್ನು ಒತ್ತಿಹಿಡಿದು ಎದ್ದು ಕುಳಿತಳು. ಚುಚ್ಚಿದಂಥ ನೋವು, ಮಾತು ಪೂರ್ತಿಯಾಗದಷ್ಟು ಏದುಸಿರು, ತುಟಿ ನೀಲಿಯಾಗುತ್ತಿತ್ತು. ಆಸ್ಪತ್ರೆ ತಲುಪಲು ನಲವತ್ತು ನಿಮಿಷ ಬೇಕಾಯಿತು. ತಕ್ಷಣ ಪಕ್ಕೆಲುಬುಗಳ ನಡುವೆ ನಳಿಕೆ ಇಳಿಸಿ ಗಾಳಿಯನ್ನು ಹೊರತೆಗೆದರು. ಹನ್ನೊಂದು ದಿನ ಆ ನಳಿಕೆ ಎದೆಯಲ್ಲೇ ಇತ್ತು. ಗಾಳಿ ಸೋರುವುದು ನಿಲ್ಲದಿದ್ದಾಗ ಒಂದು ಕವಾಟವನ್ನು ತೆಗೆದು, ಸೋರಿಕೆ ನಿಂತ ಮೇಲೆ ಎರಡು ತಿಂಗಳು ಬಿಟ್ಟು ಮತ್ತೆ ಹಾಕಿದರು.

ಅಕ್ಕ ಈಗ ಚೆನ್ನಾಗಿದ್ದಾಳೆ, ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತಾಳೆ. ಆದರೆ ಆ ನಲವತ್ತು ನಿಮಿಷವನ್ನು ನಾವು ಅನುಭವಿಸಬೇಕಾಗಿರಲಿಲ್ಲ. ಎಷ್ಟು ದಿನ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೀರಿ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ, ಉತ್ತರ ಸಮಾಧಾನ ತರದಿದ್ದರೆ ಬೇರೆ ಕಡೆ ಹೋಗಿ.

ಎದೆರೋಗ ವೈದ್ಯ

ನಿಮ್ಮ ಅಕ್ಕನವರಿಗೆ ಆದದ್ದು ತಪ್ಪಿಸಬಹುದಾಗಿದ್ದ ಅಪಾಯವಲ್ಲದಿರಬಹುದು, ಆದರೆ ಆಸ್ಪತ್ರೆಯ ಹೊರಗೆ ಆಗುವುದನ್ನು ಖಂಡಿತವಾಗಿ ತಪ್ಪಿಸಬಹುದಿತ್ತು. ಲಿಬರೇಟ್‌ನಲ್ಲಿ ಕಂಡ ನ್ಯೂಮೋಥೊರಾಕ್ಸ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ಮೂರು ದಿನಗಳಲ್ಲೇ ಆದವು. ಆದ್ದರಿಂದಲೇ ಕನಿಷ್ಠ ಮೂರು ರಾತ್ರಿ ಆಸ್ಪತ್ರೆಯಲ್ಲಿರಿಸಿ, ದಿನವೂ ಎಕ್ಸ್‌ರೇ ತೆಗೆದು ನೋಡುವ ಪದ್ಧತಿ ಬಂದಿದೆ.

ಇದು ಏಕೆ ಆಗುತ್ತದೆ ಎಂಬುದನ್ನು ತಿಳಿದರೆ ಭಯ ಸ್ವಲ್ಪ ಕಡಿಮೆಯಾದೀತು. ಕವಾಟ ಹಾಕಿದ ಹಾಲೆ ಥಟ್ಟನೆ ಕುಗ್ಗಿದಾಗ, ಪಕ್ಕದ ಹಾಲೆ ಆ ಜಾಗವನ್ನು ತುಂಬಲು ಅಷ್ಟೇ ವೇಗವಾಗಿ ಹಿಗ್ಗುತ್ತದೆ. ಅದೂ ರೋಗಪೀಡಿತ, ದುರ್ಬಲ. ಹಿಗ್ಗುವಾಗ ಅದರ ಮೈ ಎಲ್ಲೋ ಹರಿದು, ಗಾಳಿ ಶ್ವಾಸಕೋಶದಿಂದ ಎದೆಗೂಡಿನೊಳಕ್ಕೆ ಸೋರುತ್ತದೆ. ಹೀಗಾಗಿ ಹಾಲೆ ಚೆನ್ನಾಗಿ ಕುಗ್ಗಿದವರಲ್ಲೇ ಇದು ಹೆಚ್ಚು, ಮತ್ತು ಇದನ್ನು ದಾಟಿ ಬಂದವರಿಗೆ ಕವಾಟದ ಪ್ರಯೋಜನವೂ ಸಾಮಾನ್ಯವಾಗಿ ಸಿಗುತ್ತದೆ. ಎಲ್ಲರೂ ದಾಟಿ ಬರುವುದಿಲ್ಲ ಎಂಬುದನ್ನು ಲೆಕ್ಕಪತ್ರ ಅವರು ಹೇಳಿದ್ದಾರೆ. ಉಳಿದ ಶ್ವಾಸಕೋಶದಲ್ಲಿ ಶಕ್ತಿಯೇ ಇಲ್ಲದವರಿಗೆ ಒಂದು ಬದಿ ಕೈಕೊಟ್ಟರೆ ಬದುಕುವುದು ಕಷ್ಟ.

ನದಿದಂಡೆ

ನನಗೆ ಕವಾಟ ಆಗುವುದಿಲ್ಲ ಎಂದರು. ಎರಡೂ ಬದಿಯ ಫಿಶರ್‌ಗಳು ಅಪೂರ್ಣವಾಗಿವೆ. ಸ್ಕ್ಯಾನ್‌ನ ಫಲಿತಾಂಶ ಬರುವ ಮೊದಲು ನಾನು ಮನಸ್ಸಿನಲ್ಲೇ ಎಷ್ಟೋ ದೂರ ನಡೆದುಬಿಟ್ಟಿದ್ದೆ, ಹಾಗಾಗಿ ಆ ದಿನ ಬಹಳ ನೋವಾಯಿತು. ನಿಮ್ಮ ತಂದೆಯವರಿಗೆ ಪರೀಕ್ಷೆಯ ಮೊದಲೇ ಆಸೆ ತುಂಬಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಬೇರೆ ಯಾವುದಾದರೂ ದಾರಿ ಇದೆಯೇ ಎಂದು ವೈದ್ಯರನ್ನು ಕೇಳಬಹುದೇ?

ಎದೆರೋಗ ವೈದ್ಯ

ಇದೆ, ಆದರೆ ಅದು ಹಗುರವಾದ ದಾರಿಯಲ್ಲ. ಹಾಳಾದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿ ತೆಗೆಯುವ ಕ್ರಮ ಕವಾಟಕ್ಕಿಂತ ಹಳೆಯದು. ಓಟೊ ಬ್ರಾಂಟಿಗನ್ 1950ರ ದಶಕದಲ್ಲಿ ಆರಂಭಿಸಿದ್ದನ್ನು ಜೋಯಲ್ ಕೂಪರ್ 1990ರ ದಶಕದಲ್ಲಿ ಮತ್ತೆ ಬಳಕೆಗೆ ತಂದರು. ಅಲ್ಲಿ ಹಾಲೆಯ ಒಂದು ಪಾಲನ್ನೇ ತೆಗೆದುಹಾಕುವುದರಿಂದ ಫಿಶರ್ ಅಪೂರ್ಣವಾಗಿದ್ದರೂ ನಡೆಯುತ್ತದೆ. 2003ರಲ್ಲಿ ಪ್ರಕಟವಾದ ನೆಟ್ ಎಂಬ ಅಮೆರಿಕದ ಅಧ್ಯಯನದಲ್ಲಿ 1218 ಮಂದಿ ಇದ್ದರು. ರೋಗ ಮುಖ್ಯವಾಗಿ ಮೇಲಿನ ಹಾಲೆಗಳಲ್ಲಿದ್ದು, ವ್ಯಾಯಾಮದ ಶಕ್ತಿ ಕಡಿಮೆಯಿದ್ದವರಿಗೆ ಆಯುಷ್ಯವೂ ಹೆಚ್ಚಿತು. ಆದರೆ ಮೊದಲ 90 ದಿನಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 7.9 ಮಂದಿ ತೀರಿಕೊಂಡರು, ಔಷಧದ ಗುಂಪಿನಲ್ಲಿ ಶೇ. 1.3. ಇಂದಿನ ಶಸ್ತ್ರಚಿಕಿತ್ಸೆ ಅಂದಿಗಿಂತ ಸುರಕ್ಷಿತವಾಗಿದೆ. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಸೆಲೆಬ್ ಅಧ್ಯಯನದಲ್ಲಿ, ಎರಡಕ್ಕೂ ಯೋಗ್ಯರಾದ 88 ಮಂದಿಯನ್ನು ಹೋಲಿಸಿದಾಗ, ಒಂದು ವರ್ಷದ ಮೇಲೆ ಶಸ್ತ್ರಚಿಕಿತ್ಸೆಗೂ ಕವಾಟಕ್ಕೂ ಫಲದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ರೋಗ ಯಾವ ಹಾಲೆಯಲ್ಲಿ ಹೆಚ್ಚಿದೆ ಎಂಬುದನ್ನು ಎದೆಯ ಶಸ್ತ್ರಚಿಕಿತ್ಸಕರಿಗೆ ಒಮ್ಮೆ ತೋರಿಸಿ ಕೇಳಿ.

ಉಸಿರಾಟದ ಫಿಸಿಯೋ

ಒಂದು ವಿಷಯ ಇಲ್ಲಿ ಇನ್ನೂ ಯಾರೂ ಎತ್ತಿಲ್ಲ. ಲಿಬರೇಟ್‌ನಲ್ಲಿ ಎರಡೂ ಗುಂಪಿನವರು ಶ್ವಾಸಕೋಶದ ಪುನಶ್ಚೇತನ ತರಬೇತಿಯನ್ನು ಮುಗಿಸಿಕೊಂಡೇ ಒಳಗೆ ಬಂದವರು. ಅಂದರೆ ಕವಾಟದಿಂದ ಸಿಕ್ಕ 39 ಮೀಟರ್ ತರಬೇತಿಯ ಮೇಲೆ ಸೇರಿದ್ದು. ತರಬೇತಿಯಿಲ್ಲದೆ ನೇರವಾಗಿ ಕವಾಟಕ್ಕೆ ಹೋದವರಲ್ಲಿ ವಪೆಗೆ ಜಾಗ ಸಿಕ್ಕರೂ ಕಾಲುಗಳಿಗೆ ನಡೆಯುವ ಶಕ್ತಿ ಇರುವುದಿಲ್ಲ, ಏಕೆಂದರೆ ಏದುಸಿರಿಗೆ ಹೆದರಿ ವರ್ಷಗಟ್ಟಲೆ ಕುಳಿತವರ ತೊಡೆಯ ಸ್ನಾಯುಗಳು ಕರಗಿಹೋಗಿರುತ್ತವೆ.

ಹಿರಿಮಗಳು ಅವರೇ, ಪರೀಕ್ಷೆಗಳ ದಿನಾಂಕ ಬರುವವರೆಗೆ ಕಾಯದೆ ಇಂದೇ ಶುರುಮಾಡಿ. ತಂದೆಯವರು ಕುರ್ಚಿಯಿಂದ ಏಳುವುದು, ಕೂರುವುದು, ಇದನ್ನು ದಿನಕ್ಕೆ ಎರಡು ಹೊತ್ತು ತಮಗೆ ಆಗುವಷ್ಟು ಸಲ ಮಾಡಲಿ; ಏಳುವಾಗ ತುಟಿಗಳನ್ನು ಸೀಟಿ ಊದುವಂತೆ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡಲಿ. ಹಾಗೆ ಬಿಟ್ಟಾಗ ನಾಳಗಳೊಳಗೆ ಒತ್ತಡ ಉಳಿದು, ಅವು ಬೇಗ ಮಡಚಿಕೊಳ್ಳುವುದಿಲ್ಲ. ಸ್ನಾನದ ಮೇಲೆ ನಿಂತು ಮೈ ಒರೆಸಿಕೊಳ್ಳುವ ಬದಲು ಬಟ್ಟೆಯ ನಿಲುವಂಗಿ ಹಾಕಿಕೊಂಡು ಐದು ನಿಮಿಷ ಕುಳಿತರೆ ನೀರು ತಾನೇ ಹೀರಿಕೊಳ್ಳುತ್ತದೆ. ಇವೆಲ್ಲ ಸಣ್ಣ ವಿಷಯಗಳೆಂದು ಕಂಡಾವು, ಆದರೆ ಕವಾಟ ಸಿಗಲಿ ಸಿಗದಿರಲಿ, ನದಿದಂಡೆ ಅವರಿಗೂ ಇದು ಅಷ್ಟೇ ಉಪಯೋಗ.

ಹಿರಿಮಗಳು

ಐದು ವಾರಗಳ ಮೇಲೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತುಗಳನ್ನು ಅಪ್ಪನಿಗೆ ಓದಿ ಹೇಳಿದೆ, ಅಕ್ಕನ ತಮ್ಮ ಅವರು ಬರೆದದ್ದನ್ನೂ ಬಿಡಲಿಲ್ಲ. ಓದಿ ಮುಗಿಸಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಗೋಡೆ ಇದೆಯೋ ಇಲ್ಲವೋ ನೋಡಿಸೋಣ ಎಂದರು. ಕೋಣೆ ಮತ್ತು ಗೋಡೆಯ ಹೋಲಿಕೆ ಅವರಿಗೆ ಚೆನ್ನಾಗಿ ಹಿಡಿಸಿದೆ.

ಉಳಿದ ಪರೀಕ್ಷೆಗಳೆಲ್ಲ ಮುಗಿದವು. ಒಳಗೆ ಉಳಿಯುವ ಗಾಳಿ ಇರಬೇಕಾದುದರ ಶೇ. 218 ಇದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮಿತಿಯೊಳಗಿದೆ, ಹೃದಯದ ಎಕೋದಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ತೀರಾ ಹೆಚ್ಚಿಲ್ಲ, ಅನುಮಾನ ಹುಟ್ಟಿಸುವ ಗಂಟು ಯಾವುದೂ ಸ್ಕ್ಯಾನ್‌ನಲ್ಲಿ ಇಲ್ಲ. ಬಲಗಡೆಯ ಫಿಶರ್ ಅಪೂರ್ಣ, ಆ ಕಡೆ ಆಗುವುದಿಲ್ಲ ಎಂದರು. ಎಡಗಡೆ ಶೇ. 91. ನೀವು ಹೇಳಿದ ನಡುವಿನ ಲೆಕ್ಕದಲ್ಲೇ ಬಂತು. ಮುಂದಿನ ಸೋಮವಾರ ಚಾರ್ಟಿಸ್ ಪರೀಕ್ಷೆ. ಗಾಳಿ ನಿಂತರೆ ಅದೇ ಮಂಪರಿನಲ್ಲಿ ಎಡ ಮೇಲಿನ ಹಾಲೆಗೆ ಕವಾಟ ಹಾಕುತ್ತಾರೆ, ನಿಲ್ಲದಿದ್ದರೆ ಏನೂ ಮಾಡದೆ ಎಬ್ಬಿಸುತ್ತಾರೆ. ಹಾಕಿದರೆ ನಾಲ್ಕು ರಾತ್ರಿ ಅಲ್ಲೇ ಇರಿಸಿಕೊಳ್ಳುವುದಾಗಿ ಹೇಳಿದ್ದಾರೆ, ನಾನೇ ಕೇಳುವ ಮೊದಲು.

ಫಿಸಿಯೋ ಅವರು ಹೇಳಿದಂತೆ ಕುರ್ಚಿಯ ಅಭ್ಯಾಸ ನಡೆಯುತ್ತಿದೆ. ಮೊದಲ ದಿನ ನಾಲ್ಕು ಸಲ, ಈಗ ಹದಿಮೂರು.

ನನ್ನದು ಒಂದೇ ಪ್ರಶ್ನೆ ಉಳಿದಿದೆ. ಮನೆಗೆ ಬಂದ ಮೇಲೆ ಯಾವುದನ್ನು ಕಂಡರೆ ತಡಮಾಡದೆ ಹೊರಡಬೇಕು?

ಎದೆರೋಗ ವೈದ್ಯ

ಇದ್ದಕ್ಕಿದ್ದಂತೆ ಎದೆಯ ಒಂದು ಪಕ್ಕದಲ್ಲಿ ನೋವು, ಕುಳಿತಿದ್ದಾಗಲೂ ಏದುಸಿರು, ತುಟಿ ಅಥವಾ ಉಗುರು ನೀಲಿಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಫೋನ್ ಮಾಡಿ ಕೇಳುತ್ತಾ ಕೂರದೆ ಹೊರಡಿ. ಜ್ವರದೊಂದಿಗೆ ಕಫದ ಬಣ್ಣ ಬದಲಾದರೆ, ಚಮಚದಷ್ಟು ರಕ್ತ ಕೆಮ್ಮಿನಲ್ಲಿ ಬಂದರೆ, ಕೆಮ್ಮಿದಾಗ ಕವಾಟವೇ ಹೊರಗೆ ಬಂದರೆ ಅದೇ ದಿನ ತೋರಿಸಿ. ಹಾಕಿದ ಹೊಸತರಲ್ಲಿ ಭಾರ ಎತ್ತುವುದು ಬೇಡ, ಜೋರಾದ ಕೆಮ್ಮಿಗೆ ಔಷಧ ಮೊದಲೇ ಕೇಳಿ ಇಟ್ಟುಕೊಳ್ಳಿ. ಕವಾಟದ ಕಾರ್ಡನ್ನು ಕೊಡುತ್ತಾರೆ, ಅದು ಸದಾ ಅವರ ಜೇಬಿನಲ್ಲಿರಲಿ. ತುರ್ತು ವಿಭಾಗದವರಿಗೂ, ಮುಂದೆ ಎಂದಾದರೂ ಎಂಆರ್‌ಐ ಮಾಡುವವರಿಗೂ ಅದನ್ನು ತೋರಿಸಬೇಕು. ಸುಮಾರು ಆರು ವಾರಕ್ಕೆ ಮತ್ತೆ ಸ್ಕ್ಯಾನ್ ತೆಗೆದು ಹಾಲೆ ಕುಗ್ಗಿದೆಯೇ ಎಂದು ನೋಡುತ್ತಾರೆ. ಉಸಿರು ಹಗುರವಾಗಿದ್ದರೂ ಆ ಭೇಟಿಯನ್ನು ತಪ್ಪಿಸಬೇಡಿ.

ಸಂಜೆ ನಡಿಗೆ

ಸೋಮವಾರ ಗಾಳಿ ನಿಂತಿತೋ ಇಲ್ಲವೋ, ಒಂದು ಸಾಲು ಬರೆಯಿರಿ. ತಂದೆಯವರು ಎದ್ದ ಮೇಲೆ ಗಂಟಲು ಕೆರೆಯುತ್ತದೆ, ಅದಕ್ಕೆ ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿರಿ.